ಬೇಯಿಸಿ ಕೊಟ್ಟ ಮಾವಿನ ಕಡ್ಡಿ

ನಮ್ಮೂರಿನಂಥದೇ ಒಂದು ಊರು. ಅಲ್ಲೊಬ್ಬ ಸಾಹುಕಾರ. ಹೆಸರು ಹೇಳುವುದಿಲ್ಲ, ಸಭೆಯಿಂದ ಯಾರಾದರೂ ಎದ್ದು ಹೋದಾರು!

ಅವನ ಹಿತ್ತಿಲಲ್ಲಿ ಒಂದು ಮಾವಿನ ಮರ. ಹಣ್ಣೆಂದರೆ ಹಣ್ಣು! ನಾರಿಲ್ಲ, ಹುಳಿಯಿಲ್ಲ, ಅಂಗೈ ತುಂಬ ರಸ. ಅಂಥ ಮರ ಸುತ್ತ ಎಲ್ಲೂ ಇರಲಿಲ್ಲ. ನೋಡಿ, ‘ನನ್ನೊಬ್ಬನ ಹತ್ತಿರ ಮಾತ್ರ’ ಎನ್ನುವುದು ಅವನಿಗೆ ಹಣ್ಣಿಗಿಂತ ಸಿಹಿಯಾಗಿತ್ತು.

ಆ ಊರಲ್ಲಿ ಗಿಡದ ಹುಚ್ಚಿನವರು ಬಹಳ. ಒಬ್ಬರಿಗೊಬ್ಬರು ಕಡ್ಡಿ ಕೊಟ್ಟು, ತಂದು, ಕಸಿ ಕಟ್ಟುವರು. ಸಾಹುಕಾರನನ್ನೂ ಕೇಳಿದರು. ‘ಇಲ್ಲ’ ಎಂದರೆ ದೊಡ್ಡತನ ಉಳಿಯುತ್ತದೆಯೇ? ಕೊಟ್ಟ. ಕೇಳಿದವರಿಗೆಲ್ಲ ಕೊಟ್ಟ. ಎಂಥ ದಾನಶೂರ! ಕೊಡುವ ಮುನ್ನ ಮಾತ್ರ ಒಳಗೆ ಹೋಗಿ, ಕಡ್ಡಿಯನ್ನು ಕುದಿಯುವ ನೀರಲ್ಲಿ ಅದ್ದಿ, ಒರೆಸಿ ತರುತ್ತಿದ್ದ.

ಬೆಂದ ಕಡ್ಡಿ ಚಿಗುರುತ್ತದೆಯೇ? ಬಟ್ಟೆ ಹೊಲಿಯುವ ಈರವ್ವ ಮೂರು ವರ್ಷ ಕಟ್ಟಿದಳು. ಮೂರು ವರ್ಷವೂ ಕರ್ರಗಾಯಿತು.

“ನಿನ್ನ ಕೈಗುಣ ಸರಿ ಇಲ್ಲ ಬಿಡವಾ” ಎಂದು ಸಾಹುಕಾರ ಮರುಗಿದ. ಮರುಕದಲ್ಲೂ ಧಾರಾಳಿ!

ಮರುವರ್ಷ ಮರಕ್ಕೆ ಕಾಂಡ ಕೊರೆಯುವ ಹುಳು ಬಿತ್ತು. ಯಾವ ಔಷಧಿಯೂ ನಾಟಲಿಲ್ಲ. ಮರ ಬುಡದಿಂದ ತುದಿಯವರೆಗೆ ಒಣಗಿತು. ಆಗ ಸಾಹುಕಾರ ಮನೆಮನೆ ಅಲೆದ. ಬೇಯಿಸಿದವನು ತಾನೇ, ಆದರೂ ಒಂದಾದರೂ ಬದುಕಿದ್ದೀತೆಂಬ ಆಸೆ! ಎಲ್ಲ ಬಾಗಿಲಲ್ಲೂ ಒಂದೇ ಮಾತು: “ಕಸಿ ಹತ್ತಲಿಲ್ರೀ.” ಕೊನೆಗೆ ಈರವ್ವನ ಮನೆ.

ಆಕೆಯ ಕಣ್ಣು ತುಂಬಿತು. “ತಪ್ಪು ನಂದ ರೀ ಸಾವ್ಕಾರ್ರ. ನೀವು ಮೂರು ಸಲ ಕೊಟ್ರಿ. ಒಂದರ ಹತ್ತಿದ್ರ ಇವತ್ತ ನಿಮಗ ತಿರುಗಿ ಕೊಡ್ತಿದ್ದೆ. ನನ್ನ ಸುಡುಗಾಡು ಕೈ!”

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಆಕೆ ಕ್ಷಮೆ ಕೇಳಿದಳು! ನಿಜ ಅವನ ಗಂಟಲವರೆಗೆ ಬಂತು. ನುಂಗಿಕೊಂಡ.

“ಇರ್ಲಿ ಬಿಡವಾ” ಎಂದ. ಕ್ಷಮಿಸಿಬಿಟ್ಟ, ಪುಣ್ಯಾತ್ಮ!

ನಗುತ್ತೀರಿ. ನಗಿ, ನಗಿ. ನಾವ್ಯಾರೂ ಅಂಥವರಲ್ಲ, ಅಲ್ಲವೇ? ಹೊಸಬನಿಗೆ ಕೆಲಸ ಕಲಿಸುತ್ತೇವೆ, ಮುಖ್ಯವಾದ ಒಂದು ಮಾತು ಮಾತ್ರ ನುಂಗುತ್ತೇವೆ. ಅವನು ಎಡವಿದರೆ ‘ಪಾಪ, ಬುದ್ಧಿ ಸಾಲದು’ ಎನ್ನುತ್ತೇವೆ. ಅಯ್ಯಾ, ಕೊಡಲು ಮನಸ್ಸಿಲ್ಲದಿದ್ದರೆ ‘ಕೊಡುವುದಿಲ್ಲ’ ಎನ್ನಿ. ಅದರಲ್ಲಿ ಪ್ರಾಮಾಣಿಕತೆಯಾದರೂ ಇದೆ. ಕೊಡುವುದಾದರೆ ಜೀವವಿರುವುದನ್ನು ಕೊಡಿ. ನಾಳೆ ಪಕ್ಕದ ಮನೆಯಾಕೆ ಉಪ್ಪಿನಕಾಯಿ ಹಾಕುವುದು ಹೇಗೆಂದು ಕೇಳಿದರೆ, ತಾಯಂದಿರೇ, ಸಾಸಿವೆ ಎಷ್ಟು ಹುರಿಯಬೇಕೆಂಬುದನ್ನೂ ಹೇಳಿ ಬನ್ನಿ.