ಹಡಗಿನ ನಡುಮಧ್ಯದ ರೂಮು

ಬೇಡ ಅಂದ್ರೆ ಬೇಡ ಕಣೇ ರಾಮಲಕ್ಷ್ಮಿ! ಆ ಮೂತಿ ಕಡೆ ರೂಮು ಮಾತ್ರ ಬೇಡ... ಎಲ್ಲಿ, ಆ ಫೋನು ಇತ್ಲಾಗೆ ತಿರುಗಿಸು. ಹ್ಞಾಂ, ನೋಡು. ಇದು ಹಡಗಿನ ಮೂತಿ, ಇದು ಬಾಲ. ಅಲೆ ಬಂದ್ರೆ ಮೊದ್ಲು ಎದ್ದು ಬೀಳೋದು ಯಾವುದು? ಮೂತಿ. ಆಮೇಲೆ? ಬಾಲ. ನಡುಮಧ್ಯ ಇರೋರು ಮಾತ್ರ ಆರಾಮಾಗಿ...

ಯಾಕೆ ನಗ್ತೀಯಾ? ನಾನು ಹಡಗು ಓಡಿಸಿಲ್ಲ, ಒಪ್ಕೊಂಡೆ. ಆದ್ರೆ ರಿಟೈರ್ ಆಗೋ ತನಕ ಚಿಂತಾಮಣಿ ಸುತ್ತ ಬಸ್ಸು ಓಡಿಸಿದೀನಲ್ಲ? ಮುರುಗಮಲ್ಲದ ರೋಡಲ್ಲಿ ಒಂದು ಗುಂಡಿ ಬಂತು ಅಂದ್ರೆ ಕೊನೆ ಸೀಟಿನೋರ ತಲೆ ಟಾಪಿಗೆ ಬಡೀತಿತ್ತು. ನಡುವಿನ ಸೀಟಲ್ಲಿ ಕೂತ ಅಜ್ಜಿಯ ಬಾಯೊಳಗಿನ ಎಲೆ ಅಡಿಕೆ ಕೂಡ ಅಲುಗ್ತಾ ಇರ್ಲಿಲ್ಲ! ಹಡಗೂ ಅಷ್ಟೇ ಕಣೇ. ನೀರಿನ ಮೇಲಿರೋ ಬಸ್ಸು ಅದು.

ನೀನು ರೇಷ್ಮೆಗೂಡು ಬಿಡಿಸ್ತಾ ಬಿಡಿಸ್ತಾನೇ ಕೇಳು, ಕೈ ನಿಲ್ಲಿಸ್ಬೇಡ. ನಾಳೆ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹಾಕ್ಬೇಕು. ಇತ್ಲಾಗೆ ಕೊಡು ಆ ಚಂದ್ರಿಕೆ ತಟ್ಟೆ, ನಾನೂ ನಾಲ್ಕು ಗೂಡು ಕೀಳ್ತೀನಿ.

ಹ್ಞೂಂ, ಮೇಲಿನ ಅಂತಸ್ತಂತೆ! ಬಾಲ್ಕನಿ ಅಂತೆ! ಹಿಪ್ಪುನೇರಳೆ ತೋಟಕ್ಕೆ ಡ್ರಿಪ್ ಪೈಪು ಹಾಕಿಸ್ದೋರಲ್ಲಿ ಯಾರೋ ಒಬ್ರಿಗೆ ಲಕ್ಕಿ ಡ್ರಾ ಹೊಡೀಬೇಕಾಗಿತ್ತು, ನಿಂಗೆ ಹೊಡೀತು. ಸಂತೋಷ. ಇಬ್ರಿಗೆ ಹಡಗಿನ ಪ್ರವಾಸ. ಅದೂ ಸಂತೋಷ. ಆದ್ರೆ 'ಯಾವ ರೂಮು ಬೇಕಾದ್ರೂ ಆರಿಸ್ಕೊಳ್ಳಿ' ಅಂತ ಕಂಪನಿಯೋರು ಅಂದಿದ್ದೇ ತಡ, ಸೀದಾ ತುತ್ತತುದಿಗೆ ಹತ್ಬಿಡೋದಾ? ನೀಲಗಿರಿ ಮರ ನೋಡಿಲ್ವಾ ನೀನು? ಗಾಳಿ ಬಂದ್ರೆ ಓಲಾಡೋದು ತುದಿ, ಬುಡ ಅಲ್ಲ. ಟೀವೀಲಿ ಬೇರೆ ದಿನಾ ವಾಯುಭಾರ ಕುಸಿತ, ವಾಯುಭಾರ ಕುಸಿತ ಅಂತ ಬಡ್ಕೋತಾ ಇದಾರೆ. ಸಮುದ್ರ ಸುಮ್ನೆ ಮಲಗಿರುತ್ತೆ ಅಂದ್ಕೊಂಡ್ಯಾ? ಆದ್ದರಿಂದ ನನ್ನ ತೀರ್ಮಾನ ಇಷ್ಟು: ಕೆಳಗಿನ ಅಂತಸ್ತು, ನಡುಮಧ್ಯ.

ಇದೆಲ್ಲ ನಿಂಗೋಸ್ಕರ ತಾಯೀ! ನಂಗೇನು? ನಿನ್ನ ಹೊಟ್ಟೆ ಸೂಕ್ಷ್ಮ...

ಅಬ್ಬೋ, ಆ ಹುಬ್ಬು ಇಳಿಸು! 'ನಂಗೆ ಯಾವತ್ತು ವಾಂತಿ ಆಗಿತ್ತು' ಅಂತ ತಾನೇ ಕಣ್ಣಲ್ಲೇ ಕೇಳ್ತಿರೋದು? ಯಾವತ್ತೋ ಒಂದಿನ ಆಗಿರುತ್ತೆ ಬಿಡು... ಸರಿ ಸರಿ. ನನ್ನ ಬಸ್ಸಲ್ಲೇ ಕೊನೆ ಸೀಟಲ್ಲಿ ಕೂತು, ಕುಲುಕಾಡ್ಕೊಂಡು ಕಡಲೆಕಾಯಿ ತಿಂತಾ ಬರ್ತಿದ್ದೋಳು ನೀನು. ನಾನು ಕನ್ನಡೀಲಿ ನೋಡ್ತಿದ್ದೆನಲ್ಲ! ಸಿಪ್ಪೆ ಕೂಡ ನನ್ನ ಬಸ್ಸಲ್ಲಿ ಉದುರಿಸ್ದೆ ಸೆರಗಲ್ಲಿ ಕಟ್ಕೋತಿದ್ದೆ. ಆದ್ರೆ ರೋಡು ಬೇರೆ, ಸಮುದ್ರ ಬೇರೆ. ಏನಂತೀಯಾ?

ಬರೀ ಗೂಡು ಕೀಳ್ತೀಯಾ. ಸರಿ.

ಇನ್ನೊಂದು ಮಾತು. ಕಿಟಕಿ ಇಲ್ದಿರೋ ಒಳಗಿನ ರೂಮೇ ಒಳ್ಳೇದು. ಅಷ್ಟೊಂದು ನೀರು ನೋಡಿದ್ರೆ ನಿಂಗೆ ಭಯ ಆಗುತ್ತೆ. ಕಣ್ಮುಚ್ಚಿ ಮಲಗಿಬಿಟ್ರೆ... ಲೇ, ಗೂಡು ಯಾಕೆ ಎಸೀತೀಯಾ ನನ್ಮೇಲೆ? ಗೊತ್ತು, ಗೊತ್ತು. ಸಮುದ್ರ ನೋಡೋಕೇ ಹೋಗೋದು. ಕೆರೆ ಕೋಡಿ ಬಿದ್ದ ವರ್ಷ ಸಾದಲಿಯೋರೆಲ್ಲ ನೋಡ್ಕೊಂಡು ಮನೆಗೆ ಬಂದ್ರೂ, ಅದನ್ನೇ ಸಮುದ್ರ ಅಂದ್ಕೊಂಡು ಕತ್ತಲಾಗೋ ತನಕ ಏರಿ ಮೇಲೆ ನಿಂತಿದ್ದೋಳಲ್ವಾ ನೀನು! ನಿನ್ನ ಆಸೆ ನಂಗೊತ್ತಿಲ್ವಾ?

ಅದಕ್ಕೇ ಹೇಳ್ತಿರೋದು, 'ನೀನು ಬರದಿದ್ರೆ ತಮ್ಮನ ಮಗಳು ತನುಜನ್ನ ಕರ್ಕೊಂಡು ಹೋಗ್ತೀನಿ' ಅಂತ ನಿನ್ನೆ ಹೆದರಿಸ್ದಂಗೆ ಇನ್ನೊಂದ್ಸಲ ಹೆದರಿಸ್ಬೇಡ. ನಾನು ಬರಲ್ಲ ಅಂದೆನಾ? ಇಲ್ಲ. ನೀನು ಮೊದಲನೇ ಸಲ ಸಮುದ್ರ ನೋಡೋವಾಗ ಪಕ್ಕದಲ್ಲಿ ಇರ್ಬೇಕಾದೋನು ನಾನು. ಆ ಹುಡುಗಿ ಅಲ್ಲ. ಅವಳು ಫೋನ್ ನೋಡ್ಕೊಂಡಿರ್ತಾಳೆ.

ಹಡಗು ಹೊರಡೋ ಚೆನ್ನೈ ತನಕ ಹೆಂಗೆ ಅಂತೀಯಾ? ಅದಕ್ಕೂ ಉಪಾಯ ಮಾಡಿದೀನಿ. ನೀನು ಬಸ್ಸಲ್ಲಿ ಬಾ. ನಾನು ನಲ್ಲಪ್ಪನ ಟೊಮೆಟೊ ಲಾರಿ ಓಡಿಸ್ಕೊಂಡು ಬರ್ತೀನಿ. ಅವನೂ ಒಪ್ಪಿದಾನೆ. ಲೋಡು ಇಳಿಸಿ ಬಂದರಿನ ಗೇಟಿಗೆ ಬಂದ್ಬಿಡ್ತೀನಿ, ಅಲ್ಲಿಂದ ಇಬ್ರೂ ಜೊತೆಗೆ...

ಯಾಕೆ ಕೈ ನಿಲ್ಲಿಸ್ದೆ? ಹೆಂಡ್ತಿ ಬಸ್ಸಲ್ಲಿ, ಗಂಡ ಟೊಮೆಟೊ ಜೊತೆಗೆ ಬಂದ್ರೆ ಹಡಗಿನೋರು ಹತ್ತಿಸ್ಕೊಳ್ಳಲ್ವಾ?

ನೋಡು, ಬೇರೆಯೋರು ಓಡಿಸೋ ಗಾಡೀಲಿ ನಾನು ಕೂರಲ್ಲ, ನಿಂಗೆ ಗೊತ್ತಿರೋದೇ. ಅವರು ಗೇರು ಹಾಕೋ ಸದ್ದು ಕೇಳಿದ್ರೆ ನನ್ನ ಹಲ್ಲು ಜುಮ್ಮನ್ನುತ್ತೆ! ಅದು ಡ್ರೈವರ್ ಕೋನಪ್ಪನ ಸ್ವಾಭಿಮಾನದ ಪ್ರಶ್ನೆ. ನಿನ್ನಕ್ಕನ ಮಗನ ಮದುವೆಗೆ ಇಡೀ ಮನೆ ವ್ಯಾನಲ್ಲಿ ಗೌರಿಬಿದನೂರಿಗೆ ಹೋದಾಗ, ನಾನೊಬ್ನೇ ಮಳೇಲಿ ನೆನ್ಕೊಂಡು ಮೊಪೆಡ್ಡಲ್ಲಿ ಬಂದೆ. ಜ್ವರ ಬಂತು. ಬರ್ಲಿ! ಸ್ವಾಭಿಮಾನ ಉಳೀತಲ್ಲ? ಸ್ಟೀರಿಂಗು ಕೈಯಲ್ಲಿದ್ದು, ಎದುರಿಗೆ ದಾರಿ ಕಾಣ್ತಾ ಇದ್ರೆ ನಂಗೇನೂ ಆಗಲ್ಲ...

ಅಂದ್ರೆ... ಏನೂ ಬೇಜಾರಾಗಲ್ಲ ಅಂತ. ಬೇಜಾರು! ಆ ಅರ್ಥದಲ್ಲಿ ಹೇಳಿದ್ದು ಕಣೇ.

ಏನು, ಜೇಬು ನೋಡ್ತೀಯಾ? ನಿಂಬೆಹಣ್ಣು. ಅದಕ್ಕೇನೀಗ? ಡ್ರೈವರ್ ಜೇಬಲ್ಲಿ ನಿಂಬೆಹಣ್ಣು ಇಲ್ದೆ ಇನ್ನೇನಿರುತ್ತೆ? ದೃಷ್ಟಿಗೆ. ಚಕ್ರದ ಕೆಳಗಿಡೋಕೆ... ಹೌದಮ್ಮ, ರಿಟೈರ್ ಆದ ಮೇಲೆ ಚಕ್ರ ಇಲ್ಲ, ಒಪ್ದೆ. ಅಭ್ಯಾಸ ಅಂತ ಒಂದು ಇರುತ್ತಲ್ಲ! ಒಂದೊಂದು ಸಲ ಮೂಸಿ ನೋಡ್ತೀನಿ, ಅಷ್ಟೇ. ಘಮಘಮ ಅನ್ನುತ್ತೆ.

ಸಾಕು, ಹೊತ್ತಾಯ್ತು. ಸಂಜೆ ಒಳಗೆ ರೂಮು ಹೇಳ್ಬೇಕು ಅಂದಿದಾರೆ. ಕೊಡು ಇಲ್ಲಿ ಫೋನು, ನಾನೇ ಒತ್ತುತೀನಿ. ಕೆಳಗಿನ ಅಂತಸ್ತು... ಇದು ಊಟದ ಹಾಲ್, ಇದು ಮೆಟ್ಲು, ಇದು ನಡುಮಧ್ಯ... ಇದೇನೇ ಇದು? ಆಗ್ಲೇ ಹಸಿರು ಗುರುತು ಬಿದ್ದಿದೆ? ರಾಮಲಕ್ಷ್ಮಮ್ಮ... ಕೋನಪ್ಪ... ಬೆಳಿಗ್ಗೆ ತನುಜ ಬಂದಿದ್ದು ಇದಕ್ಕಾ? ಮಾಡಿಸ್ಬಿಟ್ಟಿದ್ದೀಯಾ! ಇಷ್ಟೊತ್ತು ನಾನು ಗಂಟಲು ಹರ್ಕೊಂಡು ಬಸ್ಸು, ನೀಲಗಿರಿ ಮರ ಅಂತ ಪಾಠ ಹೇಳ್ತಿದ್ರೆ, ನೀನು ಸುಮ್ನೆ ಕೂತು ಗೂಡು ಬಿಡಿಸ್ತಿದ್ದೀಯಾ? ಇರ್ಲಿ, ಯಾವ ಮೂಲೆ ಆರಿಸಿದೀಯೋ ನೋಡಣ...

ಕೆಳಗಿನ ಅಂತಸ್ತು.

ನಡುಮಧ್ಯ.

ನಾನು ಬಾಯಿ ಬಿಡೋಕೆ ಮುಂಚೇನೇ... ಮತ್ತೆ ಆ ಬಾಲ್ಕನಿ? ಮೂತಿ ಕಡೆ ರೂಮು? ಅದೆಲ್ಲ ನನ್ನ ರೇಗಿಸೋಕೆ ತೋರಿಸಿದ್ದಾ? ಇದ್ಯಾಕೆ ಕಿಟಕಿ ಇರೋದು? ಇಷ್ಟು ದೊಡ್ಡ ಕಿಟಕಿ! ಹಾಸಿಗೆ ಪಕ್ಕಕ್ಕೇ...

ಯಾರಿಗೇ ನಡುಮಧ್ಯದ ರೂಮು? ನಿಂಗಲ್ಲ. ನೀನು ಹಡಗಿನ ಮೂತಿ ಮೇಲೆ ಕೂತೂ ಕಡಲೆಕಾಯಿ ತಿನ್ನೋಳು. ಮತ್ತೆ ಯಾರಿಗೆ?



'ಎದುರಿಗೆ ದಾರಿ ಕಾಣ್ತಾ ಇದ್ರೆ...' ಅದಕ್ಕಾ ಕಿಟಕಿ?

ಏನಾದ್ರೂ ಅನ್ನೇ! ಬೈಯೋದಾದ್ರೂ ಬೈ! ಯಾವಾಗಿಂದ? ಆ ಮೊಪೆಡ್ಡಿನ ಮಳೆಯಿಂದ್ಲಾ? ಅದಕ್ಕೂ ಮುಂಚೆ? ಹೇಳದಿದ್ರೆ ಹೋಗು... ಯಾಕೆ ಎದ್ದೆ? ಆ ಡಬ್ಬಿ ಏನು? ಓ... ಉಪ್ಪು ಹಾಕಿ ಒಣಗಿಸಿದ ನೆಲ್ಲಿಕಾಯಿ. ಡಬ್ಬಿ ತುಂಬಾ! ಹುಳುಮನೆ ಹಿಂದೆ ಚಾಪೆ ಮೇಲೆ ಒಣಗ್ತಿದ್ದಿದ್ದು ಇದೇನಾ? ನಾನು ಉಪ್ಪಿನಕಾಯಿಗೆ ಅಂದ್ಕೊಂಡು ದಿನಾ ಕಾಗೆ ಓಡಿಸ್ತಿದ್ದೆನಲ್ಲೇ...

ನಗ್ಬೇಡ. ಊರಿಗೆಲ್ಲ ಬಸ್ಸು ಓಡಿಸ್ದೋನು ಬಸ್ಸಲ್ಲಿ ಕೂತ್ರೆ ತಲೆ ತಿರುಗುತ್ತೆ ಅಂದ್ರೆ... ಯಾರಿಗಾದ್ರೂ ಹೇಳ್ಕೊಳ್ಳೋ ಮಾತಾ ಅದು? ನೀನೂ ಯಾರಿಗೂ ಹೇಳಿಲ್ಲ ತಾನೇ? ನಿಮ್ಮಕ್ಕಂಗೆ? ತನುಜಂಗೆ?

ಹೇಳಿಲ್ಲ. ಗೊತ್ತಾಯ್ತು. ನಂಗೇ ಹೇಳಿರ್ಲಿಲ್ಲವಲ್ಲ ನೀನು.

ಒಂದು ಕೊಡು ಇಲ್ಲಿ... ಹುಳಿ ಹದವಾಗಿದೆ.

ಕೇಳು. ನಲ್ಲಪ್ಪಂಗೆ ಫೋನ್ ಮಾಡಿ ಲಾರಿ ಬೇಡ ಅಂದ್ಬಿಡು. ಹೌದು, ಬೇಡ ಅನ್ನು. ಬಸ್ಸಲ್ಲೇ ಹೋಗಣ, ಇಬ್ರೂ. ಇಷ್ಟು ವರ್ಷ ಬಸ್ಸಲ್ಲಿ ನಿನ್ನ ಮುಖ ನೋಡಿದ್ದೆಲ್ಲ ಕನ್ನಡೀಲೇ. ಒಂದ್ಸಲ ಪಕ್ಕದಲ್ಲಿ ಕೂತೂ ನೋಡ್ತೀನಿ. ಆದ್ರೆ ಲೇ... ಕೊನೆ ಸೀಟು ಬೇಡ ಕಣೇ. ನಡುವಿನ ಸೀಟು ಹಿಡಿಯಣ.

ಮತ್ತೆ... ಕಿಟಕಿ ಕಡೆ... ನಂಗೆ ಬಿಡ್ತೀಯಾ?