ಕಾಲು ತೊಳೆಯುವ ಭಾನುವಾರ

ಹಿಂದಕ್ಕೆ ಎಳ್ಕೋಬೇಡ್ವೇ ಕಾಲ್ನ! ಬಂದು ಪಕ್ಕದಲ್ಲಿ ಕೂತೋಳು ನೀನು, ನಾನೇನು ಕರೆದ್ನಾ? ಎಷ್ಟು ಬೆಂಚು ಖಾಲಿ ಇತ್ತು, ವೆಸ್ಟಾ! ನಾನು ಕೊನೇಲಿ, ಬಾಗಿಲ ಹತ್ರ ಕೂತಿದ್ದೇ ಯಾರ ಕೈಗೂ ಸಿಗಬಾರದು ಅಂತ. ಹಾಡು ಶುರುವಾಗ್ತಿದ್ದ ಹಾಗೇ ಎದ್ದು ಹೋಗೋಳಿದ್ದೆ. ನೀನು ಆ ಮೂಲೆಯಿಂದ ಎದ್ದು ಬಂದು, ಧೊಪ್ಪಂತ ಕೂತು, ಕಾಲುಚೀಲ ಕಳಚಿ ಕಾಲು ಚಾಚಿಬಿಟ್ಟೆ. ಪಕ್ಕದೋರ ಕಾಲು ತೊಳೀಬೇಕು ಅನ್ನೋದು ನಮ್ಮ ಚರ್ಚಿನ ಕಟ್ಟಳೆ, ಇಷ್ಟು ಜನರ ಎದುರಿಗೆ ಒಲ್ಲೆ ಅನ್ನಕ್ಕಾಗತ್ತಾ? ಜಾಣೆ ಕಣೇ ನೀನು... ಬಲು ಜಾಣೆ.

ನೀರು ತಣ್ಣಗಿದ್ಯಾ? ಇರಲಿ ಬಿಡು. ಅಬ್ಬಾ, ಹಿಮ್ಮಡಿ ನೋಡು, ಎಷ್ಟು ಒಡೆದಿದೆ! ಒಂದಿಷ್ಟು ಹಂದಿ ಕೊಬ್ಬಾದ್ರೂ ಸವರಬಾರದಾ? ಯಾಕೆ ನಗ್ತೀಯ? ...ಓ. ನಗ್ತಿಲ್ವಾ. ಅಳಬೇಡ ಮಾರಾಯ್ತಿ. ನಿನಗೇನು ಅಳು? ನಿನ್ನ ಮಗ ಕ್ಲೆಟಸ್ ಅಲ್ಲೇ ಇದಾನಲ್ಲ, ಗಂಡಸರ ಕಡೆ, ಅವರಪ್ಪನ ಕಾಲು ತೊಳೀತಾ ಇದಾನೆ. ನೋಡಿದೆ. ನೋಡದೇ ಇರ್ತೀನಾ?

ಮೆತ್ತಗೆ ಮಾತಾಡು ಅಂತಾನಾ? ಅಷ್ಟು ಜೋರಾಗಿ ಹಾಡ್ತಿದಾರೆ, ಯಾರಿಗೆ ಕೇಳಿಸತ್ತೆ?

ಗಣಿಯ ಚಾವಣಿ ಕುಸೀತು ಅಂತ ಸೈರನ್ ಕೂಗಿದಾಗ ಇದೇ ಚರ್ಚಿಗೇ ಅಲ್ವಾ ಓಡಿಬಂದಿದ್ದು ನಾವು? ನನ್ನ ಲೋನಿ, ನಿನ್ನ ಕ್ಲೆಟಸ್, ಇಬ್ಬರೂ ಕೆಳಗೆ, ಕಲ್ಲಿದ್ದಲ ಅಡೀಲಿ. ನಿನ್ನ ಕೈ ನನ್ನ ಕೈಲಿ. ಪ್ರಾರ್ಥನೆ ಹೇಳಿದ್ದು ಯಾರು? ನಾನು! ನೀನು ತುಟಿ ಬಿಚ್ಚಿದ್ಯಾ? "ಕರ್ತನೇ, ನಮ್ಮ ಮಕ್ಕಳನ್ನ ಮೇಲಕ್ಕೆ ತಾ, ನಮ್ಮ ಮಕ್ಕಳನ್ನ ಮೇಲಕ್ಕೆ ತಾ" ಅಂತ ಕೂಗಿ ಕೂಗಿ ಗಂಟಲು ಬತ್ತಿದ್ದು ನಂದು. ಒಂದೇ ಪ್ರಾರ್ಥನೆ ಕಣೇ ಅದು. ಅರ್ಧ ಕೇಳಿಸ್ತು ಆತನಿಗೆ, ಅರ್ಧ ಕೇಳಿಸ್ಲಿಲ್ಲ! ಇದ್ಯಾವ ನ್ಯಾಯ?

ಉಸಿರು ಬಿಗಿಹಿಡೀಬೇಡ. ನಿನ್ನ ಮಗ ಸಾಯ್ಬೇಕಿತ್ತು ಅಂತಿಲ್ಲ ನಾನು. ಅಷ್ಟು ಕೆಟ್ಟೋಳಲ್ಲ... ಒಂದೊಂದು ಸಲ ಅಷ್ಟು ಕೆಟ್ಟೋಳೇ. ಆಮೇಲೆ ಅವನು ಬಂದು, ನಮ್ಮನೆ ಸೌದೆ ಒಡೆದು, ಹಿತ್ತಿಲ ಬಾಗಿಲಲ್ಲಿ ಪೇರಿಸಿ, ತಲೆ ತಗ್ಗಿಸ್ಕೊಂಡು ಹೋಗ್ತಾನಲ್ಲ, ಆಗ ನಾಚಿಕೆ ಆಗತ್ತೆ ನಂಗೆ.

ಆದ್ರೆ ಈ ಜನ! ಈ ಜನರ ಬಾಯಿ! ಲೋನೀನ ಮಣ್ಣು ಮಾಡಿ ಬಂದ ದಿನ ಆ ಮರ್ಟಲ್ ಏನಂದ್ಲು ಗೊತ್ತಾ? "ದೇವರಿಗೆ ಇನ್ನೊಬ್ಬ ದೇವದೂತ ಬೇಕಾಗಿದ್ದ, ಆರ್ಲೀನಾ." ಬಾಯಿ ತುಂಬ ಸೇಬಿನ ಕೇಕು ತುಂಬ್ಕೊಂಡು ಹೇಳ್ತಾಳೆ! ಅಲ್ಲೇನು ದೇವದೂತರಿಗೆ ಬರ ಬಂದಿತ್ತಾ? ಪಾಸ್ಟರ್ ಹೋಬರ್ಟ್ ಬಂದ್ರು. "ಎಲ್ಲಾ ಒಳ್ಳೇದಕ್ಕೇ, ತಾಯಿ." ಯಾರ ಒಳ್ಳೇದಕ್ಕೆ? "ನಿನ್ನ ಭಾರ ಆತನ ಮೇಲೆ ಹಾಕು." ಹಾಕಿದ್ದೆ! ಲೋನಿ ಹುಟ್ಟಿದ ದಿನದಿಂದ ಹಾಕ್ತಾನೇ ಇದ್ದೆ ಕಣೇ! ಉರಿಯೋ ಗಾಯಕ್ಕೆ ಉಪ್ಪು ಸವರೋಕೆ ಸಾಲಾಗಿ ಬಂದ್ರು ಎಲ್ಲಾರೂ, ಕೈಲೊಂದೊಂದು ಊಟದ ಪಾತ್ರೆ ಹಿಡ್ಕೊಂಡು.

ನೀನು ಸಾಚಾ ಅಂತ ತಿಳ್ಕೋಬೇಡ. ಎಲ್ಲರಿಗಿಂತ ಹೆಚ್ಚು ಸಿಟ್ಟು ಬರಿಸಿದೋಳೇ ನೀನು. ದಿನಾ ಸಾಯಂಕಾಲ ಬರೋದು, ಜಗಲಿ ಮೇಲೆ ಕೂರೋದು, ನನ್ನ ಜೊತೆ ಬೀನ್ಸ್ ಬಿಡಿಸೋದು, ಎದ್ದು ಹೋಗೋದು. ಒಂದು ಮಾತು? "ಅಯ್ಯೋ ಪಾಪ" ಅಂತಾದ್ರೂ? ಮೇಲಿರೋನೂ ಮಾತಾಡಲ್ಲ, ನೀನೂ ಮಾತಾಡಲ್ಲ, ಒಳ್ಳೇ ಜೋಡಿ! ...ಬಾರದ ದಿನ ದಾರಿ ಕಾಯ್ತಿದ್ದೆ, ಅದು ಬೇರೆ ಮಾತು.

ಈಗೇನೂ ಇಲ್ಲ ಬಿಡು. ಈಗ ಚೆನ್ನಾಗಿದೀನಿ. ಈಸ್ಟರ್ ದಿನ ಇಲ್ಲೇ ಎಲ್ಲರೆದುರು ಎದ್ದು ನಿಂತು ಸಾಕ್ಷಿ ಹೇಳ್ಲಿಲ್ವಾ? "ನನ್ನ ಮಗನನ್ನ ಕರ್ತನ ಕೈಗೆ ಒಪ್ಪಿಸಿಬಿಟ್ಟೆ, ಮನಸ್ಸು ಹಗುರಾಯ್ತು" ಅಂತ? ಎಲ್ಲರೂ ಆಮೆನ್ ಅಂದ್ರು. ಮರ್ಟಲ್ ಅಂತೂ ಕಣ್ಣೊರೆಸ್ಕೊಂಡ್ಲು. ನೀನು ಅನ್ಲಿಲ್ಲ. ಗಮನಿಸ್ದೆ ನಾನು. ಅವನ ಬಟ್ಟೆ ಎಲ್ಲಾ ಚರ್ಚಿನ ದಾನದ ಪೆಟ್ಟಿಗೆಗೆ ಹಾಕಿದೀನಿ. ಅಂಗಿ, ಕೋಟು, ಹೊಸ ಬೂಟು... ಎಲ್ಲಾ. ಒಂದೂ ಉಳಿಸ್ಕೊಂಡಿಲ್ಲ. ಯಾಕೆ ಹಾಗೆ ನೋಡ್ತೀಯ? ಒಂದೂ ಇಲ್ಲ ಅಂದ್ನಲ್ಲ!

ಏನು, ಆಯ್ತಾ ಅಂತಾನಾ? ಆಗಿಲ್ಲ. ಬೆರಳ ಸಂದಿ ಉಳಿದಿದೆ. ಎಡಗಾಲು ಕೊಡು ಇನ್ನೊಂದು ಸಲ. ತೊಳೆದಾಯ್ತು, ಗೊತ್ತು! ಇನ್ನೊಂದು ಸಲ ತೊಳೆದ್ರೆ ಸವೆದು ಹೋಗ್ತೀಯಾ?

ಬಿಡು, ಟವೆಲ್ ಬಿಡು. ನನ್ನ ಸೊಂಟದಿಂದ ಬಿಚ್ಚಬೇಡ ಅದನ್ನ... ಈಗ ನಿನ್ನ ಸರದಿ ಅಂತ ನಂಗೊತ್ತಿಲ್ವಾ? ನನ್ನ ಕಾಲು ಬೇಡ. ಶೀತ ಆಗಿದೆ ನಂಗೆ. ಮನೇಲೇ ತೊಳ್ಕೊಂಡು ಬಂದಿದೀನಿ. ಅಯ್ಯೋ, ನೆಲಕ್ಕೆ ಕೂರಬೇಡ್ವೇ, ನಿನ್ನ ಮಂಡಿಗೆ ಆಗಲ್ಲ! ಹಟಮಾರಿ! ಎಲ್ಲಾರೂ ನೋಡ್ತಿದಾರೆ, ವೆಸ್ಟಾ. ಬೂಟಿನ ದಾರ ಬಿಡು. ಬಿಚ್ಚಬೇಡ. ಬಿಚ್ಚಬೇಡ ಅಂದೆ ಕಣೇ...

...

ಆಯ್ತಾ? ನೋಡಿದ್ಯಾ? ಸಮಾಧಾನವಾಯ್ತಾ ನಿಂಗೆ?

ಹೌದು. ಗಂಡಸರ ಕಾಲುಚೀಲ. ಜೂನ್ ತಿಂಗಳ ಸೆಕೇಲಿ ಉಣ್ಣೆ ಕಾಲುಚೀಲ. ಹಿಮ್ಮಡಿಯ ಕೆಂಪು ತೇಪೆ ನಾನೇ ಹಾಕಿದ್ದು. ಗಣಿ ಕುಸಿಯೋ ಹಿಂದಿನ ದಿನ ಲೋನಿ ಕೆಲಸದಿಂದ ಬಂದು ಒಲೆ ಹತ್ರ ಬಿಚ್ಚಿ ಎಸೆದಿದ್ದ. "ಬುಟ್ಟೀಲಿ ಹಾಕೋಕೇನೋ ರೋಗ ನಿಂಗೆ" ಅಂತ ಬೈದೆ. ಅದಕ್ಕೂ ನಕ್ಕ. ಒಗೆದಿಲ್ಲ ಇದನ್ನ. ಮಸಿ ಹಾಗೇ ಇದೆ ನೋಡು. ಅವನ ವಾಸನೆ ಇತ್ತು ಇದರಲ್ಲಿ... ಇತ್ತು ಕಣೇ. ಹಾಕ್ಕೊಂಡು ಹಾಕ್ಕೊಂಡು ನಾನೇ ಅಳಿಸಿಬಿಟ್ಟೆ. ಈಗ ಬರೀ ನಂದೇ ವಾಸನೆ.

ಹೋಗು, ಎದ್ದು ನಿಂತು ಹೇಳು ಎಲ್ಲರಿಗೂ. ಆರ್ಲೀನಾ ದೇವರ ಎದುರಿಗೇ ಸುಳ್ಳಾಡಿದ್ಲು ಅಂತ. ಏನೂ ಒಪ್ಪಿಸಿಲ್ಲ ನಾನು ಆತನಿಗೆ. ಒಪ್ಪಿಸೋದೂ ಇಲ್ಲ. ಹುಡುಗನ್ನ ಕಿತ್ಕೊಂಡಿದ್ದು ಸಾಲದಾ, ಇದೂ ಬೇಕಾ?

ನೀರಿಗೆ ಅದ್ದಬೇಡ! ದಮ್ಮಯ್ಯ ಅಂತೀನಿ ವೆಸ್ಟಾ, ನೀರಿಗೆ ಮಾತ್ರ...

...ಏನು ಮಾಡ್ತಿದೀಯ? ಬೋಗುಣಿ ಯಾಕೆ ಆಚೆ ತಳ್ಳಿದೆ? ನನ್ನ ಕಾಲ್ನ ತೊಡೆ ಮೇಲೆ ಇಟ್ಕೋಬೇಡ್ವೇ, ಭಾನುವಾರದ ಲಂಗ, ಮಸಿ ಹತ್ತತ್ತೆ... ಹತ್ತೇಬಿಡ್ತು ನೋಡು. ತೊಳೀದೇ ಒರೆಸ್ತಾರೇನೇ ಯಾರಾದ್ರೂ?

ಏನಾದ್ರೂ ಅನ್ನು. ದೇವರ ಚಿತ್ತ ಅನ್ನು, ಬೈದು ಅಟ್ತೀನಿ ನಿನ್ನ. ಅನ್ನೇ... ಅನ್ನಲ್ವಾ?

ಸರಿ. ಅನ್ನಬೇಡ.

...ಇನ್ನೊಂದು ಕಾಲು ಇದೆಯಲ್ಲೇ. ಅದನ್ನೂ ಹಿಡ್ಕೋ.