ಎರಡು ಎಲೆಯ ಸಾಹುಕಾರ

ನೋಡಿ, ಒಂದೂರಲ್ಲಿ ಒಬ್ಬ ಸಾಹುಕಾರ. ಯಾವ ಊರು ಅಂತ ಕೇಳಬೇಡಿ, ಕೇಳಿದವರ ಊರೇ ಆಗಿರಬಹುದು. ಪಂಚಾಯಿತಿಗೂ ಅವನೇ ಅಧ್ಯಕ್ಷ, ಹಾಲಿನ ಸಂಘಕ್ಕೂ ಅವನೇ ಅಧ್ಯಕ್ಷ. ಇದು ನಡೆಯುತ್ತದೆಯೇ ಎಂದು ವಕೀಲರನ್ನು ಕೇಳಿದ್ದ. "ಕಾನೂನಿನ ಅಡ್ಡಿ ಕಾಣೂದಿಲ್ರಿ. ಆದ್ರ ಒಂದು ಕುರ್ಚಿ ಇನ್ನೊಂದು ಕುರ್ಚಿನ್ನ ವಿಚಾರಿಸೋ ಹೊತ್ತು ಬಂದ್ರ ತೊಡಕು" ಎಂದರು ವಕೀಲರು. ಸಾಹುಕಾರ ಮೊದಲ ಮಾತು ಕೇಳಿಸಿಕೊಂಡ. ಎರಡನೆಯದಕ್ಕೆ ಚಹಾ ತರಿಸಿದ.

ಆ ಹೊತ್ತು ಬಂತು. ಸಂಘದಲ್ಲಿ ಹಾಲಿನ ಕ್ಯಾನು ತೊಳೆದ ನೀರು ಪಕ್ಕದ ಮನೆಯ ನಿಂಬೆವ್ವನ ಹೊಸ್ತಿಲ ಮುಂದೆ ನಿಲ್ಲುತ್ತಿತ್ತು. ಅದರಲ್ಲೇ ಜಾರಿ ಅವಳ ಗಂಡ ಸೊಂಟ ಮುರಿದುಕೊಂಡು ಮಲಗಿದ್ದ. ಅವಳೂ ಬಿದ್ದರೆ ಆ ಮನೆಯಲ್ಲಿ ನೀರು ಕೊಡುವವರಿಲ್ಲ.

ಬೆಳಿಗ್ಗೆ ಪಂಚಾಯಿತಿಗೆ ಹೋದಳು. "ಅದು ಸಂಘದ ನೀರು, ಸಂಘದವ್ರನ್ನ ಕೇಳವ್ವಾ" ಎಂದ ಅಧ್ಯಕ್ಷ. ಸಂಜೆ ಸಂಘಕ್ಕೆ ಹೋದಳು. ಅದೇ ಸಾಹುಕಾರ, ಅವಳನ್ನು ಮೊದಲ ಸಲ ಕಂಡವನಂತೆ, "ಯಾರವ್ವಾ ನೀ?" ಎಂದ. ಕಥೆಯೆಲ್ಲ ಮತ್ತೆ ಕೇಳಿದ. ಮರುಗಿದ. "ಗಟಾರ ಪಂಚಾಯ್ತಿದು. ಅವ್ರು ಆದೇಶ ಕೊಡ್ಲಿ, ಮಾಡೂಣು" ಎಂದ. ಅವನ ಮನಸ್ಸಿನಲ್ಲಿ ಮೋಸವಿರಲಿಲ್ಲ, ನೋಡಿ. ಒಂದು ಕುರ್ಚಿಯ ಮಾತನ್ನು ಇನ್ನೊಂದರಲ್ಲಿ ಆಡದಿರುವುದೇ ಶಿಸ್ತು ಎಂದು ಅವನು ನಿಜವಾಗಿಯೂ ನಂಬಿದ್ದ.

ಊರ ಮಠದಲ್ಲೊಂದು ಪದ್ಧತಿ. ಪ್ರಸಾದದ ದಿನ ಬಲಪಂಕ್ತಿಯ ಮೊದಲ ಎಲೆ ಪಂಚಾಯಿತಿ ಅಧ್ಯಕ್ಷರದು, ಎಡಪಂಕ್ತಿಯ ಮೊದಲ ಎಲೆ ಸಂಘದ ಅಧ್ಯಕ್ಷರದು. ಯಾವ ಹುದ್ದೆಗೂ ಅವಮಾನವಾಗಬಾರದಲ್ಲ? ಸಾಹುಕಾರ ಅನ್ನ ಸಾರು ಬಲಕ್ಕೆ ಉಂಡು, ಹೋಳಿಗೆಗೆ ಎದ್ದು ಎಡಕ್ಕೆ ಹೋಗುತ್ತಿದ್ದ. ಯಾರೂ ನಗುತ್ತಿರಲಿಲ್ಲ.

ಆ ಸಲ ಬಡಿಸಲು ನಿಂತವಳು ನಿಂಬೆವ್ವ. ಬಲಗಡೆಯ ಎಲೆಯ ಮುಂದೆ ಅನ್ನದ ಬುಟ್ಟಿ ಹಿಡಿದುಕೊಂಡೇ ನಿಂತಳು.

"ಹಾಕವ್ವಾ."

"ಸಂಘದ ಎಲಿಯವ್ರನ್ನ ಕೇಳ್ರಿ, ಯಪ್ಪಾ."

ಪಂಕ್ತಿ ನೋಡುತ್ತಿತ್ತು. ಸಾಹುಕಾರ ಎದ್ದು ಎಡಕ್ಕೆ ಬಂದು ಕೂತ. ಅವಳೂ ಬಂದಳು.

"ಯಾರ್ರಿ ನೀವು?" ಎಂದಳು. "ಈ ಎಲಿಗೆ ಪಂಚಾಯ್ತಿ ಆದೇಶ ಆಗಬೇಕ್ರಿ. ಆದ್ರ ಬಡಸೂಣು."

ಹಿಂದಿನಿಂದ ಯಾರೋ, "ಸಾವ್ಕಾರ್ರ, ಅತ್ತಾಗ ಇತ್ತಾಗ ಓಡ್ಯಾಡಿ ಹಸಿವು ಹೆಚ್ಚಾತೇನ್ರಿ?" ಎಂದರು. ಸಾಹುಕಾರ ಮತ್ತೆ ಎದ್ದ. ಎರಡು ಎಲೆಗಳ ನಡುವೆ ಬರಿಗೈಯಲ್ಲಿ ನಿಂತಾಗ, ಆ ದಿನ ನಿಂಬೆವ್ವ ಎಲ್ಲಿ ನಿಂತಿದ್ದಳೆಂಬುದು ಅವನಿಗೆ ತಿಳಿಯಿತು. ತಾನೇ ಒಂದು ಎಲೆ ಮಡಚಿದ. ಸಂಘದ ಎಲೆ.

ಆ ಕುರ್ಚಿ ಬಿಟ್ಟ ಮೇಲೆ ಅವನು ಮಾಡಿದ ಮೊದಲ ಕೆಲಸ, ಪಂಚಾಯಿತಿಯಿಂದ ಸಂಘಕ್ಕೆ ನೋಟಿಸು. ಹೊಸ ಅಧ್ಯಕ್ಷ ಬೈದುಕೊಂಡೇ ಗಟಾರ ತೋಡಿಸಿದ. ಹೊಸ್ತಿಲು ಒಣಗಿತು.

ನಗುತ್ತಿದ್ದೀರಿ. ನಗಿ. ಶಾಲೆಯ ಸಮಿತಿಯಲ್ಲೂ ನೀವೇ, ಶಾಲೆಗೆ ಬೇಳೆ ಹಾಕುವ ಅಂಗಡಿಯಲ್ಲೂ ನೀವೇ ಇದ್ದರೆ, ಬೇಳೆಯಲ್ಲಿ ಹುಳ ಬಿದ್ದಾಗ ತಾಯಂದಿರು ಯಾರ ಹತ್ತಿರ ಹೋಗಬೇಕು? ಕಾನೂನು ಬೇಡ ಅಂದಿಲ್ಲ ಅನ್ನುತ್ತೀರಿ. ಅಂದಿರಲಿಕ್ಕಿಲ್ಲ. ನಿಮ್ಮ ಮೇಲಿನ ದೂರು ನಿಮ್ಮ ಹತ್ತಿರವೇ ಬರುವ ಜಾಗ ಯಾವುದು, ನಾಳೆ ಬೆಳಿಗ್ಗೆ ಹುಡುಕಿ. ಅಲ್ಲಿ ಒಂದು ಕುರ್ಚಿ ಬಿಡಿ. ಬಿಡುವ ತನಕ, ಬಂದವರಿಗೆ 'ಆ ಕಡೆ ಹೋಗು' ಅನ್ನಬೇಡಿ, ನೀವೇ ಎದ್ದು ಹೋಗಿ ಕೆಲಸ ಮಾಡಿಕೊಡಿ.

ಸರಿ, ಪ್ರಸಾದಕ್ಕೆ ಏಳಿ. ಇವತ್ತು ತಲೆಗೊಂದೇ ಎಲೆ.